ಕೊಕ್ಕರೆಯ ಕೊರಳು

ಕೊಕ್ಕರೆಯ ತಲೆ ದಾನಪ್ಪನ ತಲೆಗಿಂತ ಒಂದು ಮೊಳ ಮೇಲಿತ್ತು. ಅದಕ್ಕೆ ಗಾಜಿನ ಎರಡು ದೊಡ್ಡ ಕಣ್ಣು, ಹಳದಿ ಕೊಕ್ಕು, ನೆತ್ತಿಯ ಮೇಲೊಂದು ನೀಲಿ ಕುಚ್ಚು. ಅವನಿಗೆ ಹೊರಗಿನ ಲೋಕ ಕಾಣುತ್ತಿದ್ದುದು ಅದರ ಕೊರಳಿನಲ್ಲಿ ಹೊಲಿದಿದ್ದ ಅಂಗೈಯಗಲದ ಜಾಲರಿಯೊಳಗಿಂದ. ಎದುರು ಬಂದವರೆಲ್ಲ ಮೇಲಿನ ಗಾಜಿನ ಕಣ್ಣುಗಳನ್ನು ನೋಡಿ ನಗುತ್ತಿದ್ದರು, ಅವುಗಳ ಜೊತೆಗೇ ಮಾತಾಡುತ್ತಿದ್ದರು. ಅವನ ಕಣ್ಣಿದ್ದ ಜಾಗಕ್ಕೆ ಯಾರ ನೋಟವೂ ಇಳಿಯುತ್ತಿರಲಿಲ್ಲ. ಇದೂ ಒಂದು ನಮೂನೆಯ ಅನುಕೂಲವೇ ಎಂದು ಬೆಳಿಗ್ಗೆ ವೇಷ ಹಾಕಿಕೊಳ್ಳುವಾಗ ಅಂದುಕೊಂಡಿದ್ದ. ಈಗ ಮಧ್ಯಾಹ್ನದಲ್ಲಿ, ಒಳಗಿನ ಸ್ಪಂಜು ಅವನದೇ ಬೆವರು ಕುಡಿದು ಭಾರವಾಗಿ ಬೆನ್ನಿಗೆ ಅಂಟುತ್ತಿರುವಾಗ, ಅದರಲ್ಲಿ ಅನುಕೂಲವೆಷ್ಟು ಅವಮಾನವೆಷ್ಟು ಎಂಬುದು ಬಗೆಹರಿಯುತ್ತಿರಲಿಲ್ಲ. 2003ರ ಆಗಸ್ಟ್. ಲಂಡನ್ ಇಂಥ ಸೆಕೆಯನ್ನು ಕಂಡೇ ಇಲ್ಲವೆಂದು ಪೇಪರಿನವರು ಬರೆದಿದ್ದರು. ವಿಜಾಪುರದ ಬೇಸಿಗೆಯನ್ನು ಮೈದಾನದಲ್ಲಿ ನಿಂತು ಕಳೆದವನು ನಾನು, ನನಗಿದು ಬಿಸಿಲೇ ಅಲ್ಲ ಎಂದು ಶಾರನ್‌ಗೆ ಹೇಳಿದ್ದ. ಆದರೆ ಸಿಂದಗಿಯ ಬಿಸಿಲಿನಲ್ಲಿ ಅವನು ಬಿಳಿ ಅಂಗಿ ತೊಟ್ಟು, ಕೊರಳಲ್ಲಿ ಸೀಟಿ ಹಾಕಿಕೊಂಡು ನಿಲ್ಲುತ್ತಿದ್ದ. ಅವನು ಸೀಟಿ ಊದಿದರೆ ಹೈಸ್ಕೂಲಿನ ಅಷ್ಟೂ ಹುಡುಗರು ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದರು.

ಶಾರನ್ ಎಂದರೆ ಈ ಕೆಲಸ ಕೊಟ್ಟ ಏಜೆನ್ಸಿಯ ಹೆಂಗಸು. ಐವತ್ತು ದಾಟಿದ ದಪ್ಪ ಮೈ, ಕೈಯಲ್ಲಿ ಸದಾ ವಾಕಿಟಾಕಿ. ದಾನಪ್ಪ ಎಂಬ ಹೆಸರು ಅವಳ ನಾಲಿಗೆಗೆ ಒಗ್ಗದೆ ಮೊದಲ ದಿನವೇ ಅದನ್ನು ಡ್ಯಾನ್ ಮಾಡಿಕೊಂಡಿದ್ದಳು. ಅಮೆರಿಕದ ಎರಡು ಸಣ್ಣ ಊರುಗಳ ವೃತ್ತಿಪರ ಬೇಸ್‌ಬಾಲ್ ತಂಡಗಳು ಯುರೋಪು ಸುತ್ತಲು ಬಂದಿದ್ದವು. ಅವರ ಲಂಡನ್ನಿನ ಒಂದೇ ಒಂದು ಆಟ ದಕ್ಷಿಣದ ಈ ಕ್ರಿಕೆಟ್ ಮೈದಾನದಲ್ಲಿ. "ನೀಲಿ ಅಂಗಿಯವರು ಹೋಮ್, ಕೆಂಪು ಅಂಗಿಯವರು ಹೊರಗಿನಿಂದ ಬಂದವರು. ನೀನು ಹೋಮ್ ತಂಡದ ಹಕ್ಕಿ" ಎಂದು ಶಾರನ್ ಹೇಳಿಕೊಟ್ಟಿದ್ದಳು. ಇಬ್ಬರೂ ಹೊರಗಿನವರೇ ಅಲ್ಲವೆ ಎಂದು ಕೇಳಬೇಕೆನಿಸಿತ್ತು. ಆಟ ಅವನಿಗೆ ಬೇಗ ತಿಳಿಯಿತು. ನಾಲ್ಕು ಮೂಲೆ, ಹೊಡೆದವನು ಓಡಿ, ಮೂಲೆಯಿಂದ ಮೂಲೆಗೆ ಸುತ್ತಿ, ಹೊರಟ ಜಾಗಕ್ಕೇ, ಹೋಮ್ ಎಂಬ ಆ ಮೂಲೆಗೇ, ಮರಳಿ ಬಂದರೆ ಒಂದು ಅಂಕ. ನೀಲಿಯವನೊಬ್ಬ ಹಾಗೆ ಮರಳಿ ಬಂದಾಗ ಕೊಕ್ಕರೆ ಕುಣಿಯಬೇಕು. ಅದಕ್ಕೆಂದು ಎರಡು ಸಂಜೆ ಒಂದು ಶೆಡ್ಡಿನಲ್ಲಿ ಅವನಿಗೆ ಕುಣಿತ ಕಲಿಸಿದ್ದರು. ಆದರೆ ಇನಿಂಗ್ಸ್ ಮೇಲೆ ಇನಿಂಗ್ಸ್ ಕಳೆಯುತ್ತಿದ್ದವು, ಹಲಗೆಯ ಮೇಲೆ ಎರಡೂ ಕಡೆ ಸೊನ್ನೆಯೇ ನಿಂತಿತ್ತು. ಎಸೆಯುವವರು ಎಸೆಯುತ್ತಿದ್ದರು, ಹೊಡೆಯುವವರು ಗಾಳಿಗೆ ಹೊಡೆದು ತಲೆತಗ್ಗಿಸಿ ಮರಳುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಖಾಲಿಯಿದ್ದ ಕುರ್ಚಿಗಳಲ್ಲಿ ಜನ ಬಿಯರು ಹಿಡಿದು ನೆರಳಿನ ಕಡೆಗೆ ಸರಿಯುತ್ತಿದ್ದರು. ಕೊಕ್ಕರೆ ಸುಮ್ಮನೆ ಬೇಲಿಯ ಗುಂಟ ಅಡ್ಡಾಡುತ್ತ, ಮಕ್ಕಳಿಗೆ ರೆಕ್ಕೆ ಬೀಸುತ್ತ, ಬಾಲ ಎಳೆಸಿಕೊಳ್ಳುತ್ತ ಕಾಯುತ್ತಿತ್ತು.

ಅವನು ಸುಳ್ಳನ್ನೇನೂ ಹೇಳಿರಲಿಲ್ಲ. ಹಾಗೆಂದು ಎಷ್ಟೋ ಸಲ ತನಗೇ ಹೇಳಿಕೊಂಡಿದ್ದ. ಹೆಂಡತಿ ರತ್ನವ್ವನನ್ನು ಲಂಡನ್ನಿನಂಚಿನ ಸಟನ್ನಿನ ಆಸ್ಪತ್ರೆಯವರು ನರ್ಸ್ ಕೆಲಸಕ್ಕೆ ಕರೆದಾಗ, ಮಗಳು ಪ್ರಿಯಾಂಕಾಳ ಕೈ ಹಿಡಿದು ಅವಳ ಹಿಂದೆ ಬಂದವನು ಅವನು. ಹೆಂಡತಿಯ ಸೆರಗು ಹಿಡಿದು ಹೊರಟ ಮಾಸ್ತರ ಎಂದು ಊರಲ್ಲಿ ಯಾರೋ ಅಂದದ್ದು ವಿಮಾನದಲ್ಲೂ ಕಿವಿಯಲ್ಲಿತ್ತು. ಇಲ್ಲಿ ಪಾರ್ಕ್ ರಾಯಲ್ಲಿನ ಆಹಾರದ ಫ್ಯಾಕ್ಟರಿಯಲ್ಲಿ, ಚಳಿ ಹಿಡಿದ ಕೋಣೆಯಲ್ಲಿ ಸ್ಯಾಂಡ್‌ವಿಚ್ಚಿನ ಪೆಟ್ಟಿಗೆ ಹೊರುವ ಕೆಲಸ. ಆಟೋಟದ ಕಾರ್ಯಕ್ರಮಕ್ಕೆ ಗಟ್ಟಿಮುಟ್ಟಾದ ಜನ ಬೇಕು ಎಂಬ ಜಾಹೀರಾತು ನೋಡಿ ಹೋದಾಗ, ಪಿ.ಟಿ. ಮಾಸ್ತರನಾಗಿದ್ದೆ, ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಬಲ್ಲೆ ಎಂದು ಎದೆಯುಬ್ಬಿಸಿ ಹೇಳಿದ್ದ. ನೀನೇ ನಮಗೆ ಬೇಕಾದವನು ಎಂದಿದ್ದಳು ಶಾರನ್. ಮನೆಗೆ ಬಂದು, "ಸ್ಪೋರ್ಟ್ಸ್ ಲೈನಿನ್ಯಾಗ ಸಿಕ್ಕದ, ಐತವಾರದ ಬೇಸ್‌ಬಾಲ್ ಆಟಕ್ಕಷ್ಟ" ಎಂದಿದ್ದ. ಅಷ್ಟೇ ಅಂದದ್ದು. ಆಗ ರತ್ನವ್ವನ ಮುಖದಲ್ಲಿ ಕಂಡ ಬೆಳಕಿಗೆ ಅವನೇ ಹೆದರಿದ. ಅವಳು ದೇವರ ಮುಂದೆ ದೀಪ ಹಚ್ಚಿದಳು, ವಿಜಾಪುರಕ್ಕೆ ಫೋನು ಮಾಡಿದಳು. ಮುಂದಿನ ವಾರ ಬೆಂಗಳೂರಿನಿಂದ ಬಂದು ಇಲ್ಲಿ ನೆಲೆಸಿದ್ದ ಮೈತ್ರೇಯಿಯ ಮನೆಯಲ್ಲಿ ನಾಲ್ಕು ಕನ್ನಡದ ಸಂಸಾರಗಳು ಸೇರಿದಾಗ, "ನಮ್ಮವರಿಗೆ ಕಡೀಕೂ ಆಟದ ಕೆಲಸ ಸಿಕ್ತ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. "ಹೌದಾ? ಕೋಚಿಂಗಾ?" ಎಂದಳು ಮೈತ್ರೇಯಿ. ರತ್ನವ್ವ ಗಂಡನ ಕಡೆ ನೋಡಿದಳು. ಅವನ ಬಾಯಿ ತುಂಬ ಚಿತ್ರಾನ್ನವಿತ್ತು. ತಲೆಯಾಡಿಸಿದ. ಹೌದೆಂದೂ ತಿಳಿಯಬಹುದು, ಚಿತ್ರಾನ್ನ ಚೆನ್ನಾಗಿದೆಯೆಂದೂ ತಿಳಿಯಬಹುದು ಅನ್ನುವ ಹಾಗೆ.

ಯಾವನೋ ಹಿಂದಿನಿಂದ ಬಿಯರಿನ ಖಾಲಿ ಲೋಟ ಎಸೆದ. ಅದು ಕೊಕ್ಕಿಗೆ ಬಡಿದು ಬಿತ್ತು. ದಾನಪ್ಪ ತಿರುಗಿ, ಕಲಿಸಿದ್ದಂತೆ ಹೊಟ್ಟೆ ಹಿಡಿದುಕೊಂಡು ನಕ್ಕಂತೆ ಮಾಡಿದ. ಸಿಂದಗಿಯ ಆ ಹಗಲುವೇಷದವನೂ ಹೀಗೇ ಮಾಡಿದ್ದನಲ್ಲ. ಹನುಮಂತನ ವೇಷ ಹಾಕಿಕೊಂಡು ಶಾಲೆಯ ಬಯಲಿಗೆ ಬಂದಿದ್ದ. ಗಲ್ಲದ ಹಸಿರು ಬಣ್ಣ ಬೆವರಿಗೆ ಕರಗಿ ಕೊರಳಿಗಿಳಿದಿತ್ತು. ಆಗಸ್ಟ್ ಹದಿನೈದರ ಡ್ರಿಲ್ಲಿನ ತಾಲೀಮು ನಡೆದಿದ್ದಾಗ ಹುಡುಗರ ಸಾಲು ಅವನನ್ನು ನೋಡಿ ಚೆದುರಿತು. ದುಡಿದು ತಿನ್ನಲಿಕ್ಕೆ ನಿನಗೇನಾಗೇದ ಎಂದು ದಾನಪ್ಪ ಎಲ್ಲರೆದುರು ಗದರಿಸಿದ್ದ, ತೋಳು ಹಿಡಿದು ಗೇಟಿನಾಚೆ ದಬ್ಬಿದ್ದ. ಆ ಮನುಷ್ಯ ಸಿಟ್ಟಾಗಲಿಲ್ಲ, ಬಾಲವನ್ನು ಹೆಗಲಿಗೆ ಹಾಕಿಕೊಂಡು, ಮಂಗನ ಹಾಗೆ ಹಲ್ಲು ಕಿರಿದು ಮಕ್ಕಳನ್ನು ಇನ್ನೊಮ್ಮೆ ನಗಿಸಿ ಹೋದ. ಮಧ್ಯಾಹ್ನ ಊಟಕ್ಕೆಂದು ಮನೆಗೆ ಹೋದರೆ ಅದೇ ಹನುಮಂತ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ. ರತ್ನವ್ವ ಬಾಗಿಲಲ್ಲಿ ನಿಂತು ಅವನ ಊರು, ಅವನ ಮಕ್ಕಳು, ಈ ವೇಷ ಕಟ್ಟಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದೆಲ್ಲ ವಿಚಾರಿಸುತ್ತಿದ್ದಳು. ಅವಳು ಅಂಥವಳೇ. ಇವತ್ತಿನದನ್ನು ಹೇಳಿದ್ದರೂ ಮೊದಲು ನಗುತ್ತಿದ್ದಳು, ಆಮೇಲೆ ಉಪ್ಪು ಸಕ್ಕರೆ ಹಾಕಿದ ನೀರು ಕಲಸಿ ಬಾಟಲಿಗೆ ತುಂಬಿ ಕಳಿಸುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿರಲಿಲ್ಲ. ಅವಳ ಕಟ್ಟೆಯ ಮೇಲೆ ಕೂತು ರೊಟ್ಟಿ ತಿನ್ನುವವನ ಸಾಲಿಗೆ ತಾನು ಸೇರುವುದು ಅವನಿಂದಾಗದ ಮಾತಾಗಿತ್ತು.

ಐದನೆಯ ಇನಿಂಗ್ಸ್ ಮುಗಿದು ಆಟಗಾರರು ನೀರಿಗೆ ಹೋದಾಗ, ಜಾಲರಿಯ ಅಂಚಿನಲ್ಲಿ ಒಂದು ಕೆಂಪು ದಡಿ ಕಂಡಿತು. ಮೊದಲು ಅದು ಬರೀ ಬಣ್ಣವಾಗಿತ್ತು. ಆಮೇಲೆ ಇಳಕಲ್ಲ ಸೀರೆಯಾಯಿತು, ಆಮೇಲೆ ರತ್ನವ್ವನಾದಳು. ಚಡ್ಡಿ ಬನಿಯನ್ನುಗಳ ಜನರ ನಡುವೆ ಹಬ್ಬದ ಸೀರೆ ಉಟ್ಟು, ಸೆರಗು ಹೊದ್ದು, ಕೈಯಲ್ಲಿ ಸ್ಟೀಲಿನ ಡಬ್ಬಿ ಹಿಡಿದು, ಮೆಟ್ಟಿಲ ಮೇಲೆ ಮೆಟ್ಟಿಲಿಳಿದು ಅವಳು ಬೇಲಿಯ ಕಡೆಗೇ ಬರುತ್ತಿದ್ದಳು. ಅವಳ ಹಿಂದೆ, ಸಂಬಂಧವೇ ಇಲ್ಲದವಳಂತೆ ಅಷ್ಟು ದೂರ ಬಿಟ್ಟು ಪ್ರಿಯಾಂಕಾ. ದಾನಪ್ಪನಿಗೆ ಅಲ್ಲಿಂದ ಓಡಬೇಕೆನಿಸಿತು, ಆದರೆ ಕಾಲುಗಳಿಗೆ ತೊಡಿಸಿದ್ದ ಹಳದಿ ಪಾದಗಳಲ್ಲಿ ಓಡಲಾಗುವಂತಿರಲಿಲ್ಲ. ಅವಳ ಕಣ್ಣು ಮೈದಾನದಂಚಿನ ಟ್ರ್ಯಾಕ್‌ಸೂಟಿನ ಗಂಡಸರನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂತು, ಕೊಕ್ಕರೆಯನ್ನು ದಾಟಿ ಮುಂದೆ ಹೋಯಿತು, ಶಾರನ್‌ಳ ವಾಕಿಟಾಕಿಯ ಮೇಲೆ ನಿಂತಿತು. ಶಾರನ್ ಅವನ ಪಕ್ಕದಲ್ಲೇ ಇದ್ದಳು.

"ಎಕ್ಸ್‌ಕ್ಯೂಸ್ ಮಿ" ಎಂದಳು ರತ್ನವ್ವ, ವಾರ್ಡಿನಲ್ಲಿ ಮಾತಾಡುವ ಸ್ಪಷ್ಟವಾದ ಇಂಗ್ಲಿಷಿನಲ್ಲಿ. ತನ್ನ ಗಂಡ ಇಲ್ಲಿಯ ಸ್ಪೋರ್ಟ್ಸ್ ಸ್ಟಾಫ್, ಹೆಸರು ಮಿಸ್ಟರ್ ದಾನಪ್ಪ, ಅವರಿಗೆ ಊಟ ತಂದಿದ್ದೇನೆ, ಒಂದೇ ಒಂದು ನಿಮಿಷ ಕರೆಯಬಹುದೆ ಎಂದು ಕೇಳಿದಳು. ಶಾರನ್ ಹುಬ್ಬು ಗಂಟಿಕ್ಕಿ ಆ ಹೆಸರನ್ನು ಬಾಯಲ್ಲಿ ತಿರುವಿ ನೋಡಿದಳು. ಅರ್ಧ ದಾರಿಯಲ್ಲಿ ಅದು ಅವಳಿಗೆ ಹೊಳೆಯಿತು. ಅವಳ ಮುಖ ನಿಧಾನವಾಗಿ ಕೊಕ್ಕರೆಯ ಕಡೆ ತಿರುಗಿದ್ದನ್ನು ದಾನಪ್ಪ ಕಂಡ. ಆ ದಿನ ಮೊದಲ ಬಾರಿಗೆ ಒಬ್ಬರ ನೋಟ ಗಾಜಿನ ಕಣ್ಣಿನಿಂದ ಕೆಳಗಿಳಿದು ಕೊರಳಿನ ಜಾಲರಿಗೆ ಬಂತು. ಅವನು ಉದ್ದ ಕೊಕ್ಕನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿದ. ಇಲ್ಲ.

ಶಾರನ್ ರತ್ನವ್ವನ ಕಡೆ ತಿರುಗಿದಳು. "ಇಲ್ಲಮ್ಮ, ಆ ಹೆಸರಿನವರು ನಮ್ಮಲ್ಲಿ ಯಾರೂ ಇಲ್ಲ" ಎಂದಳು, ಅವನ ಕಡೆ ನೋಡದೆ.

"ಅಮ್ಮಾ, ಪ್ಲೀಸ್. ಲೆಟ್ಸ್ ಗೋ" ಎಂದಳು ದೂರದಿಂದ ಪ್ರಿಯಾಂಕಾ.

ರತ್ನವ್ವನ ನಗು ಮುಖದಲ್ಲೇ ಉಳಿದು ಗಟ್ಟಿಯಾಯಿತು. ಹತ್ತಿರದ ಕುರ್ಚಿಯವರು ಅವಳ ಸೀರೆಯನ್ನೂ ಡಬ್ಬಿಯನ್ನೂ ನೋಡುತ್ತಿದ್ದರು. ಅವಳು ಡಬ್ಬಿಯನ್ನು ಬೇಲಿಯ ಮೇಲಿಂದ ಚಾಚಿ, ಹಾಗಾದರೆ ಇದನ್ನು ಕೆಲಸದವರು ಯಾರಾದರೂ ತಿನ್ನಲಿ, ಈ ಬಿಸಿಲಲ್ಲಿ ಯಾರಿಗಾದರೂ ಹಸಿವಾಗಿರುತ್ತದೆ ಎಂದು ಶಾರನ್‌ಳ ಕೈಗಿಟ್ಟಳು. ಶಾರನ್‌ಗೆ ಏನೆನಿಸಿತೋ, ಕೊಕ್ಕರೆಯ ಬೆನ್ನಿಗೆ ಮೆಲ್ಲನೆ ಒಂದು ಗುದ್ದು ಕೊಟ್ಟು, "ಹೋಗು, ಆಕೆಯ ಜೊತೆ ಸ್ವಲ್ಪ ಕುಣಿ" ಎಂದಳು. ದೊಡ್ಡ ಸ್ಪೀಕರಿನಲ್ಲಿ ಸಂಗೀತ ಬರುತ್ತಿತ್ತು. ದಾನಪ್ಪ ರೆಕ್ಕೆ ಚಾಚಿದ, ಬೇರೇನು ಮಾಡಲೂ ತೋಚದೆ. ರತ್ನವ್ವ ಬೇಡವೆಂದು ತಲೆಯಾಡಿಸಿದಳು, ಸುತ್ತಲಿನವರು ಚಪ್ಪಾಳೆ ತಟ್ಟಿದರು, ಅವಳು ಗಾಜಿನ ಕಣ್ಣುಗಳನ್ನು ನೋಡುತ್ತ ನಕ್ಕುಬಿಟ್ಟಳು. ರೆಕ್ಕೆಯ ತುದಿಯನ್ನು ಹಿಡಿದಳು. ನೀಲಿ ಬಟ್ಟೆಯೊಳಗಿನ ಅವನ ಬೆರಳುಗಳು ಅವಳ ಬೆರಳಿಗೆ ಸಿಕ್ಕವು. ರಾತ್ರಿಪಾಳಿ ಹಗಲುಪಾಳಿಗಳ ನಡುವೆ ಅವರಿಬ್ಬರೂ ಒಂದೇ ಹಾಸಿಗೆಯನ್ನು ಸರದಿಯಲ್ಲಿ ಬಳಸುತ್ತಿದ್ದವರು. ಅವಳು ಹೀಗೆ ಕೈ ಹಿಡಿದದ್ದು ಯಾವಾಗ ಎಂದು ನೆನಪಿಸಿಕೊಳ್ಳಲು ಹೋದರೆ ಸಿಗಲಿಲ್ಲ. ಬೇಲಿಯ ಆಚೆ ಅವಳು, ಈಚೆ ಕೊಕ್ಕರೆ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಡುಗಿಯರು ಫುಗಡಿ ಆಡುವಂತೆ ಅರ್ಧ ಸುತ್ತು ಸುತ್ತಿದಳು. ಹಣೆಯ ಕುಂಕುಮ ಬೆವರಿಗೆ ಹರಡಿತ್ತು. ಅವಳ ನಗು ಇಷ್ಟು ಹತ್ತಿರದಿಂದ ಕೇಳುತ್ತಿದ್ದರೂ ಅದು ತನಗೆ ಸೇರಿದ್ದಲ್ಲ, ತನ್ನ ತಲೆಯ ಮೇಲಿನ ಗಾಜಿಗೆ ಸೇರಿದ್ದು ಎಂದು ಅವನಿಗೆ ಹೊಟ್ಟೆಕಿಚ್ಚಾಯಿತು. ಹೌದು, ಹೊಟ್ಟೆಕಿಚ್ಚೇ. ಆಮೇಲೆ ಅವಳು ಕೈ ಬಿಟ್ಟು, ರೆಕ್ಕೆಯನ್ನು ಎರಡು ಸಲ ತಟ್ಟಿ ಮೆಟ್ಟಿಲು ಹತ್ತಿ ಹೋದಳು.

ಆರನೆಯ ಇನಿಂಗ್ಸಿನಲ್ಲಿ ಕೆಂಪಿನವನೊಬ್ಬ ಚೆಂಡನ್ನು ಇಬ್ಬರ ನಡುವೆ ಹೊಡೆದು ಮೂರನೆಯ ಮೂಲೆಯವರೆಗೂ ಓಡಿದ. ಮುಂದಿನವನು ಎತ್ತಿ ಹೊಡೆದದ್ದು ಕ್ಯಾಚಾಯಿತು. ಆದರೆ ಕ್ಯಾಚಾದ ಕ್ಷಣವೇ ಮೂಲೆಯವನು ಹೊರಟ, ದೂರದಿಂದ ಬಂದ ಎಸೆತ ಒಂದು ಪುಟ ಹೆಚ್ಚು ನೆಗೆಯಿತು, ಧೂಳಿನಲ್ಲಿ ಜಾರಿ ಅವನು ಹೋಮ್ ಮುಟ್ಟಿದ. ಹೊರಗಿನವರಿಗೆ ಒಂದು ಅಂಕ. ಅದೊಂದೇ. ದಾನಪ್ಪ ನೋಡುತ್ತಿದ್ದ, ಆದರೆ ಮೇಲಿನ ಸಾಲಿನ ಕೆಂಪು ದಡಿಯ ಮೇಲೂ ಅವನ ಕಣ್ಣಿತ್ತು. ಅವಳು ಹೋಗಿರಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಇನ್ನೂ ಹುಡುಕುತ್ತಲೇ ಇದ್ದಳು. ಕೊನೆಯ ಇನಿಂಗ್ಸಿನಲ್ಲಿ ನೀಲಿಯವನೊಬ್ಬ ಹೇಗೋ ಮೂರನೆಯ ಮೂಲೆ ಮುಟ್ಟಿದ. ಜನ ಎದ್ದು ನಿಂತರು. ಇನ್ನೊಬ್ಬ ಎತ್ತರಕ್ಕೆ ಹೊಡೆದ, ಚೆಂಡು ಬಿಳಿಯ ಆಕಾಶದಲ್ಲಿ ಕರಗಿತು, ಮೂಲೆಯವನು ತಲೆ ತಗ್ಗಿಸಿ ಹೋಮಿನ ಕಡೆ ಓಡಿಬಂದ. ಬಂದೇಬಿಟ್ಟ ಎಂದುಕೊಂಡ ದಾನಪ್ಪ ಎರಡೂ ರೆಕ್ಕೆ ಎತ್ತಿ ಕುಣಿಯತೊಡಗಿದ. ಜಾಲರಿಯೊಳಗಿಂದ ಅವನಿಗೆ ಕಂಡಿರಲಿಲ್ಲ: ದೂರದ ಗೆರೆಯ ಹತ್ತಿರ ಕೆಂಪಿನವನೊಬ್ಬ ಚೆಂಡು ಹಿಡಿದಾಗಿತ್ತು, ಅದು ಮೂರನೆಯ, ಕೊನೆಯ ಔಟು, ಆಟ ಮುಗಿದಿತ್ತು, ಓಡಿಬಂದದ್ದು ಲೆಕ್ಕಕ್ಕಿರಲಿಲ್ಲ. ಸೋತ ತಂಡದವರು ಟೋಪಿ ತೆಗೆಯುತ್ತಿದ್ದಾಗ ಅವರ ಕೊಕ್ಕರೆ ಒಂದೇ ಕುಣಿಯುತ್ತಿತ್ತು. ಆ ದಿನದ ಅತಿ ದೊಡ್ಡ ನಗು ಆಗ ಎದ್ದಿತು.

ವೇಷ ಕಳಚುವ ಕೋಣೆಯಲ್ಲಿ ಶಾರನ್ ಡಬ್ಬಿಯನ್ನು ಅವನ ಪಕ್ಕದಲ್ಲಿಟ್ಟು ಹೋದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ಅವನು ಗೋಡೆಯ ಕಡೆ ತಿರುಗಿ ಕೂತು ಎಲ್ಲವನ್ನೂ ತಿಂದ, ನಾಯಿಯ ಹಾಗೆ ಅವಸರವಾಗಿ. ತಿಂದಾದ ಮೇಲೆ ಈ ಡಬ್ಬಿಯನ್ನು ಮನೆಗೆ ಒಯ್ಯುವಂತಿಲ್ಲ ಎಂದು ಹೊಳೆಯಿತು. ನೀರಿನಲ್ಲಿ ತೊಳೆದು ಬೆಂಚಿನ ಮೇಲೆ ಬೋರಲು ಹಾಕಿ ಬಂದ. ಸೆಕೆಗೆ ಹಳಿ ಹಿಗ್ಗುತ್ತದೆಂದು ಸಟನ್ ರೈಲು ತೆವಳಿಕೊಂಡು ಹೊರಟಿತ್ತು. ಗೊತ್ತಿಲ್ಲದವನಂತೆ ಕೇಳಬೇಕು, ಹೌದೇನು, ಬಂದಿದ್ರೇನು, ಛೇ, ನಾ ಒಳಗ ಮೀಟಿಂಗಿನ್ಯಾಗ ಇದ್ದೆ ಎನ್ನಬೇಕು ಎಂದು ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಮಾತು ಜೋಡಿಸಿಕೊಂಡ.

ಬಾಗಿಲು ತೆಗೆದಾಗ ಸಂಜೆಯ ಬೆಳಕು ಇನ್ನೂ ಜೋರಾಗಿತ್ತು. ರತ್ನವ್ವ ಸೀರೆ ಬದಲಿಸಿರಲಿಲ್ಲ.

"ಎಲ್ಲಿದ್ರಿ?" ಎಂದಳು. "ನಾವು ಬಂದಿದ್ವಿ. ಮೈತ್ರೇಯಿ ಟಿಕೀಟ್ ಕೊಟ್ಟಿದ್ಲು. ಹೇಳದ ಬಂದು ಖುಷಿ ಮಾಡೂಣು ಅಂದ್ವಿ. ಅಲ್ಲಿ ಕೇಳಿದ್ರ, ಅಂಥ ಹೆಸರಿನವರು ಯಾರೂ ಇಲ್ಲಂದ್ರು."

ಅವಳ ದನಿಯಲ್ಲಿ ಅನುಮಾನವಿರಲಿಲ್ಲ, ಬರೀ ದಣಿವಿತ್ತು. ಜೋಡಿಸಿಟ್ಟ ಮಾತು ಅವನ ನಾಲಿಗೆಯ ಮೇಲೇ ಇತ್ತು. ಆದರೆ ಅವಳ ಹಣೆಯಲ್ಲಿ ಹರಡಿದ್ದ ಕುಂಕುಮ ಕಂಡೊಡನೆ ಅವನೊಳಗೆ ಬೇರೇನೋ ಎದ್ದಿತು. "ಯಾರು ಹೇಳಿದ್ರು ನಿನಗ ಬಾ ಅಂತ? ಅಷ್ಟು ಮಂದ್ಯಾಗ, ಗುರ್ತಿಲ್ಲ ಪರಿಚಯಿಲ್ಲ, ಅಂವ ಯಾವನೋ ಏನೋ, ಅವನ ಕೈ ಹಿಡದು ಕುಣಿಯೂದು. ಈ ವಯಸ್ಸಿನ್ಯಾಗ."

"ಇಟ್ ವಾಸ್ ಜಸ್ಟ್ ದ ಬರ್ಡ್, ಅಪ್ಪಾ" ಎಂದಳು ಸೋಫಾದ ಮೇಲಿದ್ದ ಪ್ರಿಯಾಂಕಾ, ತಲೆಯೆತ್ತದೆ.

ರತ್ನವ್ವ ಅವನನ್ನೇ ನೋಡಿದಳು. "ನೀವು ನೋಡಿದ್ರೇನು?"

ಅವನು ಬಾಗಿ ಬೂಟಿನ ಲೇಸಿಗೆ ಕೈ ಹಾಕಿದ.

"ಎಲ್ಲಿಂದ ನೋಡಿದ್ರಿ?"

"ಮ್ಯಾಲಿಂದ. ಆಫೀಸಿನ ಕಿಡಕ್ಯಾಗಿಂದ."

"ಡಬ್ಬಿ ಹಿಡಕೊಂಡು ನಿಂತದ್ದು ನೋಡಿದ್ರಿ?"

"ಹೂಂ."

"ನೋಡಿ, ಕರೀಲಿಲ್ಲ."

ಅವಳು ಸೆರಗಿನ ದಡಿಯನ್ನು ಬೆರಳಿನಿಂದ ಒಮ್ಮೆ ಸವರಿದಳು. ಅವಳ ಮನಸ್ಸು ಒಂದೊಂದೇ ಮೆಟ್ಟಿಲಿಳಿದು ಎಲ್ಲಿಗೆ ಹೋಗುತ್ತಿದೆಯೆಂದು ಅವನಿಗೆ ಕಾಣುತ್ತಿತ್ತು. ಅಲ್ಲಿಗೆ ಹೋಗಬೇಡ ಎಂದು ಕೂಗಬೇಕೆನಿಸಿತು. ಕೂಗಲು ಒಂದೇ ಮಾತಿತ್ತು. ಆ ಹಕ್ಕಿ ನಾನೇ.

"ಈ ಸೀರಿ ನೋಡಿ ನಾಚಿಕಿ ಬಂತೇನ್ರಿ ನಿಮಗ? ನಿಮ್ಮ ಸಾಹೇಬ್ರ ಮುಂದ?"

ಅವಳ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ. ಬೇಕಿದ್ದರೆ ಹೌದೆನ್ನಿ, ನನಗೆ ಅರ್ಥವಾಗುತ್ತದೆ ಎನ್ನುವಂಥ ದನಿ. ರೋಗಿಗೆ ಎಲ್ಲಿ ನೋವೆಂದು ಕೇಳುವಾಗಿನದು. ದಾನಪ್ಪ ಕಾರ್ಪೆಟ್ಟನ್ನು ನೋಡಿದ. ಅವನಿಗೆ ಮೊದಲು ಅನುಭವವಾದದ್ದು, ಆಮೇಲೆ ಎಷ್ಟು ದಿನ ನೆನೆದರೂ ತನ್ನನ್ನು ತಾನು ಕ್ಷಮಿಸಿಕೊಳ್ಳಲಾಗದ್ದು, ಒಂದು ನಿರಾಳ. ಬಚಾವಾದೆ ಎಂಬ ನಿರಾಳ.

"ಹೌದು" ಎಂದ.

ಅವಳು ತಲೆಯಾಡಿಸಿದಳು. ಮೇಲಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಸೀರೆಗಳನ್ನಿಡುವ ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದು ಬಂತು. ತುಸು ಹೊತ್ತಿನಲ್ಲಿ ಮನೆಯ ಮ್ಯಾಕ್ಸಿಯಲ್ಲಿ ಇಳಿದು ಬಂದು ಅನ್ನಕ್ಕಿಟ್ಟಳು. ಊಟಕ್ಕೆ ಕೂತಾಗ ಅವನಿಗೆ ಹಸಿವಿರಲಿಲ್ಲ, ಅವಳದೇ ರೊಟ್ಟಿ ಹೊಟ್ಟೆ ತುಂಬ ಇತ್ತು. ಕೆಲಸದ ಕಡೇನ ಉಣ್ಣಾಕ ಕೊಟ್ಟಿದ್ರು ಎಂದ. ಹಾಂ ಎಂದಳು. ಪ್ರಿಯಾಂಕಾ ಇಬ್ಬರ ಮುಖವನ್ನೂ ನೋಡಿ ತನ್ನ ತಟ್ಟೆ ಹಿಡಿದು ಟೀವಿಯ ಮುಂದೆ ಹೋದಳು.

ಆ ವಾರದ ನಡುವೆ ಒಂದು ಸಂಜೆ ಅವನು ಪಾರ್ಕ್ ರಾಯಲ್ಲಿನಿಂದ ಬಂದು ಬೂಟು ಬಿಚ್ಚಿ ಮೇಲೆ ಹೋಗುತ್ತಿದ್ದ. ರತ್ನವ್ವ ರಾತ್ರಿಪಾಳಿಗೆ ಯೂನಿಫಾರ್ಮು ತೊಟ್ಟು, ಮೇಲಿನ ಕೋಣೆಯ ಬಾಗಿಲಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಮೈತ್ರೇಯಿಯಿರಬೇಕು. ಅವನು ಇಕ್ಕಟ್ಟಾದ ಮೆಟ್ಟಿಲ ಮೇಲೆ ನಿಂತ.

"ಭಾಳ ಚಂದಿತ್ರಿ ಆಟ. ಒಂದ ಪಾಯಿಂಟ್, ಅದೂ ಹೊರಗಿನವರಿಗೆ. ಹೂಂನ್ರಿ. ಇಲ್ಲ, ಅವರು ಭೆಟ್ಟಿ ಆಗಲಿಲ್ಲ. ಅವರದು ಒಳಗಿನ ಕೆಲಸರಿ, ದೊಡ್ಡವರ ಕೂಡ ಇರಬೇಕಾಗ್ತದ. ನಾನ ಹುಚ್ಚಿ, ಹೇಳದ ಕೇಳದ ಹೋದೆ. ಅವರಿಗೆ ಎಷ್ಟು ತ್ರಾಸ ಆಗಿತ್ತೋ ಏನೋ."

ನಕ್ಕಳು ಕೂಡ. ಆ ನಗುವಿನಲ್ಲಿ ಕಹಿಯೇನಾದರೂ ಇದೆಯೇ ಎಂದು ಅವನು ಕಿವಿಗೊಟ್ಟು ಹುಡುಕಿದ. ಸಿಗಲಿಲ್ಲ. ಫೋನಿಟ್ಟು ಕೆಳಗಿಳಿಯಲು ತಿರುಗಿದಾಗ ಅವಳು ಅವನನ್ನು ಕಂಡಳು. ಆಸ್ಪತ್ರೆಯ ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ಎದುರಾದಾಗ ಮಾಡುವಂತೆ, ಬೆನ್ನನ್ನು ಗೋಡೆಗೆ ಹಚ್ಚಿ, ಅವನ ಮೈಗೆ ತನ್ನ ಮೈ ತಾಗದಂತೆ ಸರಿದು ನಿಂತು, ಅವನಿಗೆ ದಾರಿ ಬಿಟ್ಟಳು.